ಮಂಡಿ, ಸೊಂಟ, ತಲೆನೋವಿಗೆ ಅಕ್ಯುಪಂಕ್ಚರ್: ಮಾಡಿಸುವ ಮುನ್ನ, ಮಾಡಿಸುವಾಗ, ನಿಲ್ಲಿಸುವಾಗ

ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಈ ಲೇಖನ ಅಂಥವರಿಗೆ. ಎಕ್ಸ್‌ರೇ ಆಗಿದೆ. ಮೂಳೆ ಡಾಕ್ಟರು ನೋಡಿ, ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದಾರೆ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಶುರುವಾಗಿದೆ. ಅಷ್ಟರಲ್ಲಿ ನೆಂಟರೊಬ್ಬರು, "ನಮ್ಮತ್ತೆಗೆ ಸೂಜಿ ಹಾಕಿಸಿದ್ವಿ, ಈಗ ಆರಾಮಾಗಿ ಮೆಟ್ಟಿಲು ಹತ್ತುತ್ತಾರೆ, ನೀವೂ ಒಂದ್ಸಲ ನೋಡಿ" ಅನ್ನುತ್ತಾರೆ. ಹೋಗಬೇಕೋ ಬೇಡವೋ? ಹೋದರೆ ಹೇಗೆ ಹೋಗಬೇಕು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಯುಪಂಕ್ಚರ್ ಎಂದರೆ ಮೈಯ ಕೆಲವು ಬಿಂದುಗಳಿಗೆ ತೆಳ್ಳನೆಯ ಸೂಜಿ ಚುಚ್ಚುವ ಚೀನಾದ ಚಿಕಿತ್ಸೆ. ಕೆಲವು ಬಗೆಯ ನೋವಿಗೆ ಅದನ್ನು ಒಂದಿಷ್ಟು ದಿನ ಮಾಡಿಸಿ ನೋಡಬಹುದು. ಆದರೆ ಎಷ್ಟು ಸಿಟ್ಟಿಂಗ್, ಗುಣವಾಗಿದೆ ಅಂತ ಹೇಗೆ ಅಳೆಯುವುದು, ಯಾವಾಗ ನಿಲ್ಲಿಸುವುದು ಎನ್ನುವ ಮೂರನ್ನೂ ಮೊದಲ ಸೂಜಿಗೆ ಮುಂಚೆಯೇ ತೀರ್ಮಾನ ಮಾಡಿಕೊಂಡಿರಬೇಕು. ಈಗಿನ ಚಿಕಿತ್ಸೆಯನ್ನು ಅದಕ್ಕಾಗಿ ಬಿಡಬಾರದು. ಇದು ಜೊತೆಗೆ ಮಾಡಿಸುವ ಚಿಕಿತ್ಸೆ.

ಹೆಜ್ಜೆ 1: ನೋವು ಯಾವುದರಿಂದ ಅಂತ ಮೊದಲು ಗೊತ್ತಾಗಲಿ

ಸೂಜಿಯಿಂದ ನೋವು ಕಡಿಮೆಯಾಗಬಹುದು. ನೋವಿನ ಹಿಂದೆ ಗಡ್ಡೆಯೋ ಸೋಂಕೋ ಇದ್ದರೆ ಅದು ಹಾಗೇ ಇರುತ್ತದೆ, ಬೆಳೆಯುತ್ತಲೂ ಇರುತ್ತದೆ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪವೇನಲ್ಲ. ಶುರುವಿನಲ್ಲಿ ಅದು ಮಾಮೂಲಿ ಬೆನ್ನುನೋವಿನ ಹಾಗೇ ಇರುತ್ತದೆ. ಸಂಜೆ ಹೊತ್ತು ಸಣ್ಣ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಬಂದು ಹೋಗಿರುವುದು, ಬಿದ್ದ ಮೇಲೆ ಶುರುವಾದ ನೋವು, ಕೆಂಪಗೆ ಊದಿ ಬಿಸಿಯಾಗಿರುವ ಕೀಲು. ಇವುಗಳಲ್ಲಿ ಒಂದಿದ್ದರೂ ಮೊದಲು ಆಸ್ಪತ್ರೆ, ಆಮೇಲೆ ಉಳಿದದ್ದು.

ಸೊಂಟ ನೋವಿರುವವರು ಇನ್ನೂ ಒಂದನ್ನು ನೆನಪಿಡಬೇಕು. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗದಲ್ಲಿ ಮರಗಟ್ಟಿದಂತಾದರೆ, ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಹೋದರೆ ಅದು ತುರ್ತು. ಅವತ್ತೇ ಆಸ್ಪತ್ರೆಗೆ ಹೋಗಬೇಕು, ನಾಳೆ ಅನ್ನಬಾರದು.

ಹೆಜ್ಜೆ 2: ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು ಅಂತ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆ ನಿಂತಿವೆ.

ಜರ್ಮನಿಯಲ್ಲಿ ದೀರ್ಘಕಾಲದ ಸೊಂಟ ನೋವಿದ್ದ 1,162 ಜನರ ಮೇಲೆ ದೊಡ್ಡದೊಂದು ಪರೀಕ್ಷೆ ನಡೆಯಿತು. ಫಲಿತಾಂಶ 2007ರಲ್ಲಿ ಹೊರಬಂತು. ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಚೀನಾದ ಶಾಸ್ತ್ರ ಹೇಳುವ ಜಾಗಗಳಲ್ಲೇ ಸೂಜಿ. ಎರಡನೆಯದಕ್ಕೆ ಶಾಸ್ತ್ರದಲ್ಲಿಲ್ಲದ ಜಾಗಗಳಲ್ಲಿ, ಮೇಲೆ ಮೇಲೆ ಚುಚ್ಚಿದ ಹುಸಿ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ನೋಡಿದರೆ, ನಿಜವಾದ ಸೂಜಿಯ ಗುಂಪಿನಲ್ಲಿ ಶೇ. 47.6 ಜನಕ್ಕೆ ಗುಣ ಕಂಡಿತ್ತು. ಹುಸಿ ಸೂಜಿಯ ಗುಂಪಿನಲ್ಲಿ ಶೇ. 44.2. ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4.

ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸೂಜಿ ಚುಚ್ಚಿಸಿಕೊಂಡವರಿಗೆ ಚುಚ್ಚಿಸಿಕೊಳ್ಳದವರಿಗಿಂತ ಜಾಸ್ತಿ ಗುಣ ಸಿಕ್ಕಿದೆ, ಅದು ಸ್ಪಷ್ಟ. ಆದರೆ ಎಲ್ಲಿ ಚುಚ್ಚಿದರು ಎನ್ನುವುದರಿಂದ ಅಂಥ ವ್ಯತ್ಯಾಸವೇನೂ ಆಗಿಲ್ಲ. ಮೈಗ್ರೇನ್ ಬಗ್ಗೆ, ಚಿಕಿತ್ಸೆಗಳ ಪುರಾವೆಯನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಚಿತ್ರ. ಅಕ್ಯುಪಂಕ್ಚರ್ ಮಾಡಿಸಿದ 100 ಜನರಲ್ಲಿ 41 ಜನಕ್ಕೆ ತಲೆನೋವು ಬರುವ ದಿನಗಳು ಅರ್ಧಕ್ಕೆ ಇಳಿದವು, ಮಾಡಿಸದವರಲ್ಲಿ 17 ಜನಕ್ಕೆ. ಹುಸಿ ಸೂಜಿಗೆ ಹೋಲಿಸಿದ ಪರೀಕ್ಷೆಗಳಲ್ಲಿ ನಿಜವಾದದ್ದಕ್ಕೆ 50, ಹುಸಿಗೆ 41. ಮುಂದೆ 2018ರಲ್ಲಿ 39 ಪರೀಕ್ಷೆಗಳ 20,827 ರೋಗಿಗಳ ವಿವರವನ್ನು ಒಟ್ಟಿಗೆ ಸೇರಿಸಿ ನೋಡಿದರು. ಅಲ್ಲಿ ನಿಜವಾದ ಸೂಜಿ ಹುಸಿಗಿಂತ ಮೇಲು ಅಂತಲೇ ಬಂತು, ಆದರೆ ಅಂತರ ಸಣ್ಣದು. ಸಿಕ್ಕ ಗುಣದ ಬಹುಪಾಲು ಒಂದು ವರ್ಷದ ನಂತರವೂ ಉಳಿದಿತ್ತು ಎನ್ನುವುದು ಒಳ್ಳೆಯ ಸುದ್ದಿ.

ಹಾಗಾದರೆ ಇದೆಲ್ಲ ಬರೀ ನಂಬಿಕೆಯಾ? ಅಷ್ಟು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ. ಸೂಜಿ ಚುಚ್ಚಿದಾಗ ನರಗಳು ಕೆರಳುತ್ತವೆ. ದೇಹ ತನ್ನದೇ ನೋವು ನಿವಾರಕವಾದ ಎಂಡಾರ್ಫಿನ್ ಬಿಡುತ್ತದೆ. ಎಲ್ಲಿ ಚುಚ್ಚಿದರೂ ಒಂದಿಷ್ಟು ಹೀಗಾಗುತ್ತದೆ, ಹುಸಿ ಸೂಜಿಯೂ ಪೂರ್ತಿ ಹುಸಿಯಲ್ಲ. ಅದರ ಜೊತೆಗೆ ಅರ್ಧ ಗಂಟೆ ಸುಮ್ನೆ ಮಲಗುವುದು, ನಿಮ್ಮ ಮಾತನ್ನು ಒಬ್ಬರು ಕೂತು ಕೇಳುವುದು, ಗುಣವಾಗುತ್ತದೆ ಎನ್ನುವ ಭರವಸೆ, ಇವೂ ಸೇರುತ್ತವೆ. ಶಾಸ್ತ್ರ ಹೇಳುವ 'ಚಿ' ಎಂಬ ಶಕ್ತಿಯಾಗಲಿ, ಅದು ಹರಿಯುವ ನಾಳಗಳಾಗಲಿ ದೇಹವನ್ನು ಕೊಯ್ದು ನೋಡಿದವರಿಗೆ ಸಿಕ್ಕಿಲ್ಲ.

ಇದರಿಂದ ನಿಮಗೆ ನೇರವಾದ ಲಾಭವೊಂದಿದೆ. "ಈ ಗುಟ್ಟಿನ ಬಿಂದು ನಮಗೆ ಮಾತ್ರ ಗೊತ್ತು", "ಇದು ಚಿನ್ನದ ಸೂಜಿ, ಅದಕ್ಕೇ ರೇಟು ಜಾಸ್ತಿ" ಎನ್ನುವವರಿಗೆ ದುಡ್ಡು ಸುರಿಯಬೇಕಾಗಿಲ್ಲ. ಬಿಂದು ಎರಡು ಸೆಂಟಿಮೀಟರ್ ಆಚೀಚೆ ಆದರೆ ಏನೂ ಮುಳುಗಿಹೋಗುವುದಿಲ್ಲ. ನೀವು ಹುಡುಕಬೇಕಾದದ್ದು ಸ್ವಚ್ಛತೆ, ದೇಹದ ಒಳರಚನೆ ಗೊತ್ತಿರುವ ಕೈ, ಮತ್ತು ಗುಣವಾಗದಿದ್ದರೆ ಗುಣವಾಗಿಲ್ಲ ಎಂದು ಒಪ್ಪುವ ಬಾಯಿ.

ಯಾವ ನೋವಿಗೆ ಹೋಗಬಹುದು? ದೀರ್ಘಕಾಲದ ಸೊಂಟ ನೋವು, ಕತ್ತು ನೋವು, ಮಂಡಿ ಸವೆತದ ನೋವು, ಮೈಗ್ರೇನ್, ತಲೆಗೆ ಪಟ್ಟಿ ಬಿಗಿದಂತೆ ಬರುವ ತಲೆನೋವು. ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು ಇವುಗಳ ಮೇಲೆ. ಆದರೂ ದೇಶದೇಶಗಳ ನಡುವೆ ಒಮ್ಮತವಿಲ್ಲ. ಜರ್ಮನಿಯ ಸಾರ್ವಜನಿಕ ವಿಮೆ ಸೊಂಟ ಮತ್ತು ಮಂಡಿ ನೋವಿಗೆ 2007ರಿಂದ ಇದರ ಖರ್ಚು ಕೊಡುತ್ತಿದೆ. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2020ರಿಂದ ಸೊಂಟ ನೋವಿಗೆ ಮಾತ್ರ ಕೊಡುತ್ತದೆ. ಯಾವ ಚಿಕಿತ್ಸೆ ಕೊಡಬಹುದು ಎಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಸೊಂಟ ನೋವಿಗೆ 2016ರಲ್ಲಿ, ಮಂಡಿ ಸವೆತಕ್ಕೆ 2022ರಲ್ಲಿ ಬೇಡ ಎಂದಿತು. ತಲೆನೋವಿಗೆ, ಮತ್ತು ಕಾರಣ ಸಿಗದ ದೀರ್ಘಕಾಲದ ನೋವಿಗೆ ಅದೇ ಸಂಸ್ಥೆ ಪರಿಗಣಿಸಬಹುದು ಎನ್ನುತ್ತದೆ. ಇರುವ ಪುರಾವೆ ಹೆಚ್ಚುಕಡಿಮೆ ಒಂದೇ, ಓದುವವರು ಬೇರೆ ಬೇರೆ. ಹುಸಿ ಸೂಜಿಗಿಂತ ಎಷ್ಟು ಮೇಲು ಎಂದು ಕೇಳಿದವರು ಬೇಡ ಎಂದರು. ಏನೂ ಮಾಡಿಸದವರಿಗಿಂತ ಎಷ್ಟು ಮೇಲು ಎಂದು ಕೇಳಿದವರು ಆಗಲಿ ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ನೋವಿನಲ್ಲಿ ನರಳುವವರಿಗೆ ಎರಡನೆಯದು ಹತ್ತಿರದ್ದು ಅಂತ ನನಗನ್ನಿಸುತ್ತದೆ.

ಸವೆದ ಮಂಡಿ ಮತ್ತೆ ಬೆಳೆಯುತ್ತದೆ, ಜಾರಿದ ಡಿಸ್ಕ್ ಒಳಗೆ ಹೋಗುತ್ತದೆ, ಶುಗರ್ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೆಜ್ಜೆ 3: ಮೊದಲ ಸಿಟ್ಟಿಂಗ್‌ಗೆ ಎರಡು ವಾರ ಮುಂಚೆ ಒಂದು ನೋಟ್‌ಬುಕ್

ನೋವು ಏರುತ್ತದೆ, ಇಳಿಯುತ್ತದೆ. ನಾವು ಚಿಕಿತ್ಸೆಗೆ ಓಡುವುದು ಏರಿದಾಗ. ಆಮೇಲೆ ಅದು ತಾನಾಗಿ ಇಳಿದರೂ ಕೀರ್ತಿ ಸೂಜಿಗೆ ಹೋಗುತ್ತದೆ. ಈ ಮೋಸ ತಪ್ಪಿಸಲು ಬರೆದಿಡುವುದೊಂದೇ ದಾರಿ.

ಪ್ರತಿ ರಾತ್ರಿ ಮೂರು ಸಂಗತಿ ಬರೆಯಿರಿ. ಇವತ್ತಿನ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ. ಎಷ್ಟು ನೋವಿನ ಮಾತ್ರೆ ನುಂಗಿದಿರಿ. ಮತ್ತೆ ನಿಮಗೆ ಕಷ್ಟವಾಗಿರುವ ಒಂದು ಕೆಲಸ ಎಷ್ಟು ಮಾಡಲಾಯಿತು. ಈ ಮೂರನೆಯದನ್ನು ಯೋಚಿಸಿ ಆರಿಸಿ. ಸರ್ಕಾರಿ ಬಸ್ಸಿನ ಮೆಟ್ಟಿಲು ಹತ್ತುವುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಏಳುವುದು, ರೊಟ್ಟಿ ತಟ್ಟುತ್ತಾ ನಿಲ್ಲುವುದು, ತೋಟಕ್ಕೆ ಹೋಗಿ ಬರುವುದು, ಯಾವುದಾದರೂ ಆಗಬಹುದು. "ಸ್ವಲ್ಪ ಪರವಾಗಿಲ್ಲ" ಅಂತ ಬರೆದರೆ ಆಮೇಲೆ ಪ್ರಯೋಜನಕ್ಕೆ ಬರುವುದಿಲ್ಲ. ಎಷ್ಟು ನಿಮಿಷ, ಎಷ್ಟು ಮೆಟ್ಟಿಲು ಅಂತ ಬರೆಯಿರಿ.

ನೋವಿನ ಅಂಕ ಎರಡು ಇಳಿದರೆ, ಅಥವಾ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾದರೆ, ಅದನ್ನು ನಿಜವಾದ ಗುಣ ಎಂದು ನೋವಿನ ತಜ್ಞರು ಲೆಕ್ಕ ಹಾಕುತ್ತಾರೆ. ಏಳು ಇದ್ದದ್ದು ಆರೂವರೆ ಆದರೆ ಅದು ಲೆಕ್ಕಕ್ಕಿಲ್ಲ.

ಹೆಜ್ಜೆ 4: ಯಾರ ಹತ್ತಿರ ಹೋಗುವುದು

ಅಕ್ಯುಪಂಕ್ಚರ್ ಭಾರತಕ್ಕೆ ಬಂದ ದಾರಿ ಚೆನ್ನಾಗಿದೆ, ಸ್ವಲ್ಪ ಹೇಳುತ್ತೇನೆ. 1938ರಲ್ಲಿ ಯುದ್ಧದಲ್ಲಿದ್ದ ಚೀನಾಕ್ಕೆ ಐವರು ಭಾರತೀಯ ವೈದ್ಯರ ತಂಡ ಹೋಯಿತು. ಅಲ್ಲೇ ತೀರಿಕೊಂಡ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ ಹೆಸರು ಹಲವರಿಗೆ ಗೊತ್ತು. ಅದೇ ತಂಡದಲ್ಲಿದ್ದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಕೋಲ್ಕತ್ತದಲ್ಲಿ ಶುರುಮಾಡಿದರು. ಪಶ್ಚಿಮ ಬಂಗಾಳದಲ್ಲಿ ಇದಕ್ಕಾಗಿ 1996ರಲ್ಲೇ ಪ್ರತ್ಯೇಕ ಕಾನೂನು ಬಂತು. ಮಹಾರಾಷ್ಟ್ರವೂ ಆಮೇಲೆ ಒಂದು ಕಾನೂನು ಮಾಡಿತು. ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಮಾಡಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಹೇಳಿದೆ. ಈ 'ಸರಿಯಾದ ತರಬೇತಿ' ಅನ್ನುವ ಮಾತಿನಲ್ಲೇ ತೊಂದರೆ ಇರುವುದು. ಐದೂವರೆ ವರ್ಷ ಓದಿದವರೂ, ವಾರಾಂತ್ಯದ ಶಿಬಿರದಲ್ಲಿ ಸರ್ಟಿಫಿಕೇಟ್ ತಂದವರೂ ಒಂದೇ ತರಹದ ಬೋರ್ಡ್ ಹಾಕಿಕೊಂಡಿರುತ್ತಾರೆ.

ಕರ್ನಾಟಕದಲ್ಲಿ ನಮಗೊಂದು ಅನುಕೂಲವಿದೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಇದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಅಂಗರಚನೆಯನ್ನೂ ಓದಿರುತ್ತಾರೆ. ಉಜಿರೆಯ ಎಸ್‌ಡಿಎಂ ಕಾಲೇಜು, ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜು ಇಂಥವರನ್ನು ತಯಾರು ಮಾಡುತ್ತವೆ. ಅಂಥ ಪದವೀಧರರು, ಅಥವಾ ಇದನ್ನು ಕಲಿತ ಎಂಬಿಬಿಎಸ್ ವೈದ್ಯರು ಹತ್ತಿರದಲ್ಲಿದ್ದರೆ ಅವರಿಂದ ಶುರುಮಾಡಿ. ಕೆಲವು ಫಿಸಿಯೋಥೆರಪಿಸ್ಟ್‌ಗಳು 'ಡ್ರೈ ನೀಡ್ಲಿಂಗ್' ಮಾಡುತ್ತಾರೆ. ಸೂಜಿ ಅದೇ. ಅವರು ಚೀನಾದ ಬಿಂದುಗಳನ್ನು ನೋಡದೆ ಸ್ನಾಯುವಿನಲ್ಲಿ ಗಂಟು ಕಟ್ಟಿದ ಜಾಗಕ್ಕೇ ಚುಚ್ಚುತ್ತಾರೆ.

ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಓದಿದ್ದು ಏನು, ನೋಂದಣಿ ಎಲ್ಲಿದೆ? ಸೂಜಿ ಪ್ರತಿ ಸಲ ಹೊಸದಾ? ಒಂದು ಸಿಟ್ಟಿಂಗ್‌ಗೆ ಎಷ್ಟು? ಎಷ್ಟು ಸಿಟ್ಟಿಂಗ್ ಆದ ಮೇಲೆ ಗುಣ ಕಾಣದಿದ್ದರೆ ನಿಲ್ಲಿಸುತ್ತೀರಿ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಮನುಷ್ಯ ಗೊತ್ತಾಗಿಬಿಡುತ್ತಾರೆ. "30 ಸಿಟ್ಟಿಂಗ್ ಪ್ಯಾಕೇಜ್ ತಗೊಳ್ಳಿ, ಡಿಸ್ಕೌಂಟ್ ಇದೆ" ಅಂದರೆ ಬೇಡ ಅನ್ನಿ. ಸಲಸಲಕ್ಕೆ ಕೊಟ್ಟು ಮಾಡಿಸಿ. ನಿಮ್ಮ ಆರೋಗ್ಯ ವಿಮೆ ಇದರ ಖರ್ಚು ಕೊಡುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಮಲಗದೆ ಮಾಡಿಸುವ ಚಿಕಿತ್ಸೆಗೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ನಾಡಿ ಹಿಡಿದು ನೋಡಿ, "ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಇವತ್ತೇ ಬಿಟ್ಟುಬಿಡಿ, ದೇಹ ತಾನೇ ಸರಿಮಾಡಿಕೊಳ್ಳುತ್ತೆ" ಎನ್ನುವವರಿದ್ದಾರೆ. ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ. ಅಲ್ಲಿಗೆ ಮತ್ತೆ ಹೋಗಬೇಡಿ, ಮನೆಯ ಹಿರಿಯರನ್ನೂ ಕಳಿಸಬೇಡಿ.

ಹೆಜ್ಜೆ 5: ಇವನ್ನು ಬಾಯಿಬಿಟ್ಟು ಹೇಳಿ

ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದೀರಾ? ಹೃದಯಕ್ಕೆ ಪೇಸ್‌ಮೇಕರ್ ಹಾಕಿದೆಯಾ? ಹಾಕಿದ್ದರೆ ಸೂಜಿಗೆ ಕರೆಂಟ್ ಕೊಡುವ ಎಲೆಕ್ಟ್ರೋ ಅಕ್ಯುಪಂಕ್ಚರ್ ನಿಮಗಲ್ಲ. ಗರ್ಭಿಣಿಯರು ಕಡ್ಡಾಯವಾಗಿ ಹೇಳಬೇಕು, ಹೆಬ್ಬೆರಳು ತೋರುಬೆರಳಿನ ನಡುವಿನ ಬಿಂದುವಿನಂಥ ಕೆಲವನ್ನು ಆಗ ಬಿಡುವುದು ರೂಢಿ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಕೈ ಊದಿಕೊಳ್ಳುವವರು ಆ ಕೈಗೆ ಚುಚ್ಚಿಸಬಾರದು. ಹೃದಯದ ಕವಾಟದ ತೊಂದರೆ, ರಕ್ತ ಹೆಪ್ಪುಗಟ್ಟದ ಕಾಯಿಲೆ, ಪ್ಲೇಟ್‌ಲೆಟ್ ಕಡಿಮೆ ಇರುವುದು, ಸರ ಹಾಕಿಕೊಂಡರೆ ಮೈ ತುರಿಸುವ ನಿಕ್ಕಲ್ ಅಲರ್ಜಿ, ಎಲ್ಲವನ್ನೂ ಹೇಳಿ.

ಶುಗರ್ ಇದ್ದು ಪಾದ ಮರಗಟ್ಟಿರುವವರಿಗೆ ಸೂಜಿಗಿಂತ ಬಿಸಿಯ ಭಯ ಜಾಸ್ತಿ. ಕೆಲವೆಡೆ ನಮ್ಮ ಮಾಚಿಪತ್ರೆಯ ಜಾತಿಗೇ ಸೇರಿದ ಗಿಡದ ಒಣ ಎಲೆಯನ್ನು ಸುರುಳಿ ಮಾಡಿ, ಹೊತ್ತಿಸಿ ಚರ್ಮದ ಹತ್ತಿರ ಹಿಡಿಯುತ್ತಾರೆ. ಅದಕ್ಕೆ ಮಾಕ್ಸಾ ಎನ್ನುತ್ತಾರೆ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಮಾಕ್ಸಾ ಬೇಡ, ಬಿಸಿ ದೀಪವೂ ಬೇಡ ಅಂತ ಹೇಳಿಬಿಡಿ.

ಹೆಜ್ಜೆ 6: ಸಿಟ್ಟಿಂಗ್ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಹೊಟ್ಟೆ ಬಿರಿಯುವಷ್ಟು ಊಟ ಮಾಡಿಯೂ ಬೇಡ. ಮಂಡಿ, ಮೊಣಕೈವರೆಗೆ ಸುಲಭವಾಗಿ ಮಡಚಲು ಬರುವ ಸಡಿಲ ಬಟ್ಟೆ ಇರಲಿ.

ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಮುಗಿಯುವ ದಿನಾಂಕ ನೋಡಿ. ಎರಡು ಎನ್ನುವ ಅಂಕಿಯ ಮೇಲೆ ಅಡ್ಡಗೀಟು ಹಾಕಿದ ಗುರುತು ಇರುತ್ತದೆ, ಅಂದರೆ ಎರಡನೇ ಸಲ ಬಳಸಬಾರದು. ನೋಡಲು ಕೇಳುವುದಕ್ಕೆ ಸಂಕೋಚ ಯಾಕೆ? ಒಬ್ಬರಿಗೆ ಹಾಕಿದ ಸೂಜಿಯನ್ನೇ ಇನ್ನೊಬ್ಬರಿಗೆ ಹಾಕಿದ ಕಡೆ ಹೆಪಟೈಟಿಸ್ ಬಿ ಹರಡಿದ್ದು ದಾಖಲಾಗಿದೆ. "ನಿಮ್ಮ ಸೂಜಿ ಬೇರೆ ಡಬ್ಬಿಯಲ್ಲಿ ಇಟ್ಟಿರ್ತೀವಿ, ಮುಂದಿನ ಸಲಕ್ಕೂ ಅದೇ" ಅನ್ನುವುದನ್ನೂ ಒಪ್ಪಬೇಡಿ. ತೆಗೆದ ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹೋಗಬೇಕು ಎನ್ನುವುದು 2016ರ ವೈದ್ಯಕೀಯ ತ್ಯಾಜ್ಯ ನಿಯಮ. ಆ ಡಬ್ಬ ಕೋಣೆಯಲ್ಲಿ ಕಾಣದಿದ್ದರೆ ಎಲ್ಲಿ ಹಾಕುತ್ತೀರಿ ಅಂತ ಕೇಳಿ.

ನೋವಾಗುತ್ತಾ? ಈ ಸೂಜಿ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ದಪ್ಪ. ಲ್ಯಾಬಿನಲ್ಲಿ ರಕ್ತ ತೆಗೆಯುವ ಸೂಜಿ ಇದರ ಮೂರು ಪಟ್ಟು ದಪ್ಪ ಇರುತ್ತದೆ. ಒಳಗೆ ಹೋಗುವಾಗ ಇರುವೆ ಕಚ್ಚಿದಂತೆ ಅನ್ನಿಸಬಹುದು. ಆಮೇಲೆ ಅಲ್ಲಿ ಭಾರ, ಜೋಮು, ಹಿಡಿದುಕೊಂಡಂಥ ಸೆಳೆತ. ಚೀನಾದವರು ಅದನ್ನು ಒಳ್ಳೆಯ ಲಕ್ಷಣ ಎನ್ನುತ್ತಾರೆ. ಆದರೆ ಕರೆಂಟ್ ಹೊಡೆದಂತೆ ಸುಯ್ ಎಂದು ನೋವು ಹರಿದರೆ ಸಹಿಸಿಕೊಂಡು ಮಲಗಬೇಡಿ, ತಕ್ಷಣ ಹೇಳಿ. 20ರಿಂದ 30 ನಿಮಿಷ ಸೂಜಿ ಇರುತ್ತದೆ. ಆಗ ಹೊರಳಬೇಡಿ, ಕೆಮ್ಮು ಬಂದರೆ ಮೊದಲು ಹೇಳಿ. ಮೊದಲ ಸಲ ಮಲಗಿಯೇ ಮಾಡಿಸಿ. ಕೂತಲ್ಲೇ ಬವಳಿ ಬಂದು ಬಿದ್ದರೆ ಕಷ್ಟ.

ಮುಗಿದ ಮೇಲೆ ಹತ್ತು ನಿಮಿಷ ಕೂತಿದ್ದು ಹೊರಡಿ. ಕೆಲವರಿಗೆ ನಿದ್ದೆ ಎಳೆಯುತ್ತದೆ. ಹಾಗಾಗಿ ಮೊದಲ ದಿನ ಬೈಕ್ ಬೇಡ, ಆಟೋದಲ್ಲಿ ಬನ್ನಿ.

ಹೆಜ್ಜೆ 7: ಅಡ್ಡ ಪರಿಣಾಮ ಯಾವುದು, ಅಪಾಯ ಯಾವುದು

ಜರ್ಮನಿಯಲ್ಲೇ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಬಂದ ವರದಿಯೊಂದಿದೆ. ಶೇ. 8.6 ಜನರಿಗೆ ಏನಾದರೊಂದು ತೊಂದರೆಯಾಗಿತ್ತು. ಹೆಚ್ಚಿನವು ಸಣ್ಣ ರಕ್ತಸ್ರಾವ, ಚರ್ಮ ನೀಲಿಗಟ್ಟುವುದು, ಚುಚ್ಚಿದ ಜಾಗದ ನೋವು. ಇಬ್ಬರಿಗೆ ಮಾತ್ರ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರಿತ್ತು. ಅಲ್ಲಿ ಚುಚ್ಚಿದವರೆಲ್ಲ ತರಬೇತಿ ಪಡೆದ ವೈದ್ಯರು ಎನ್ನುವುದು ನೆನಪಿರಲಿ.

ಭುಜದ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ, ಎದೆಯಲ್ಲಿ ಸೂಜಿ ಆಳಕ್ಕೆ ಹೋಗಬಾರದು. ಅಲ್ಲಿ ಚುಚ್ಚಿಸಿಕೊಂಡ ಕೆಲವು ಗಂಟೆಯಲ್ಲಿ, ಅಥವಾ ಮಾರನೇ ದಿನ, ಉಸಿರು ಸಿಕ್ಕಿಹಾಕಿಕೊಂಡಂತೆ ಆದರೆ, ಎದೆಯಲ್ಲಿ ಚುಚ್ಚು ನೋವು ಬಂದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆನ್ನಿಗೆ ಸೂಜಿ ಹಾಕಿಸಿದ್ದೇನೆ ಅಂತ ಅಲ್ಲಿ ಹೇಳಿ. ಹೇಳದಿದ್ದರೆ ಅವರು ಗ್ಯಾಸ್ಟ್ರಿಕ್ ಅಥವಾ ಹೃದಯ ಅಂದುಕೊಂಡು ಬೇರೆ ದಾರಿ ಹಿಡಿಯಬಹುದು. ಚುಚ್ಚಿದ ಜಾಗ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ ಅದಕ್ಕೂ ಡಾಕ್ಟರು ಬೇಕು.

ಹೆಜ್ಜೆ 8: ನೋವು ಇಳಿದ ದಿನಗಳನ್ನು ನಡೆಯಲು ಬಳಸಿ

ತುಂಬಾ ಜನ ಇಲ್ಲೇ ಎಡವುವುದು. ನೋವು ಇಳಿಯಿತು, ಇನ್ನು ವ್ಯಾಯಾಮ ಯಾಕೆ ಅಂತ ಬಿಟ್ಟುಬಿಡುತ್ತಾರೆ. ಮಂಡಿ ನೋವಿನವರಿಗೆ ತೊಡೆಯ ಸ್ನಾಯು ಗಟ್ಟಿಯಾಗುವುದು, ತೂಕ ಇಳಿಯುವುದು, ಸೊಂಟದವರಿಗೆ ದಿನಾ ನಡೆಯುವುದು, ಇವುಗಳ ಬಗ್ಗೆ ವೈದ್ಯರಲ್ಲಿ ಜಗಳವೇ ಇಲ್ಲ. ನೋವಿನಿಂದಾಗಿ ಇವನ್ನು ಮಾಡಲಾಗುತ್ತಿರಲಿಲ್ಲ, ಅಲ್ವಾ? ಈಗ ಆಗುತ್ತದೆ. ಸೂಜಿ ಹಾಕಿಸಿದ ದಿನ ಸುಮ್ಮನಿದ್ದು, ಮಾರನೇ ದಿನದಿಂದ ಫಿಸಿಯೋ ಹೇಳಿಕೊಟ್ಟದ್ದನ್ನು ಮಾಡಿ. ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಚಾಚಿ ಐದು ಎಣಿಸಿ ಇಳಿಸುವುದರಿಂದಲೇ ಶುರುಮಾಡಬಹುದು. ನೋವಿನ ಮಾತ್ರೆ ಕಡಿಮೆ ಮಾಡುವುದಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ನರದ ನೋವಿನ ಕೆಲವು ಮಾತ್ರೆಗಳನ್ನು ಏಕಾಏಕಿ ಬಿಡಬಾರದು.

ಹೆಜ್ಜೆ 9: ಎಣಿಸಿ, ನೋಡಿ, ನಿಲ್ಲಿಸಿ

ಒಂದೇ ಸಿಟ್ಟಿಂಗ್‌ನಲ್ಲಿ ತೀರ್ಪು ಕೊಡಬೇಡಿ. ಪರೀಕ್ಷೆಗಳಲ್ಲೂ ವಾರಕ್ಕೆ ಒಂದೋ ಎರಡೋ ಸಲದಂತೆ ಹತ್ತು ಹನ್ನೆರಡು ಸಿಟ್ಟಿಂಗ್ ಮಾಡಿದ್ದಾರೆ. ಬ್ರಿಟನ್ನಿನ ತಲೆನೋವಿನ ಮಾರ್ಗಸೂಚಿ ಹೇಳುವುದು ಐದರಿಂದ ಎಂಟು ವಾರದಲ್ಲಿ ಹತ್ತರವರೆಗೆ. ಅಮೆರಿಕದ ಮೆಡಿಕೇರ್ 90 ದಿನದಲ್ಲಿ 12ಕ್ಕೆ ದುಡ್ಡು ಕೊಡುತ್ತದೆ. ಗುಣ ಕಂಡರೆ ಮಾತ್ರ ಇನ್ನು ಎಂಟು. ವರ್ಷಕ್ಕೆ 20ರ ಮೇಲೆ ಇಲ್ಲ. ನಮಗೂ ಈ ಲೆಕ್ಕ ಸಾಕು.

ಆರನೇ ಸಿಟ್ಟಿಂಗ್ ಆದ ಮೇಲೆ ನೋಟ್‌ಬುಕ್ ತೆಗೆಯಿರಿ. ಮೊದಲ ಎರಡು ವಾರದ ಅಂಕಗಳ ಸರಾಸರಿ, ಈಗಿನ ವಾರದ ಸರಾಸರಿ, ಎರಡನ್ನೂ ಪಕ್ಕದಲ್ಲಿ ಬರೆಯಿರಿ. ಒಂದಿಷ್ಟೂ ಇಳಿದಿಲ್ಲ, ಮಾತ್ರೆ ಅಷ್ಟೇ ಇದೆ, ಮೆಟ್ಟಿಲೂ ಅಷ್ಟೇ ಇದೆ ಎಂದಾದರೆ ಅಲ್ಲಿಗೆ ನಿಲ್ಲಿಸಬಹುದು. "ಒಳಗಿನ ಕೆಟ್ಟದ್ದು ಹೊರಗೆ ಬರ್ತಿದೆ, ಅದಕ್ಕೇ ನೋವು ಜಾಸ್ತಿ ಆಗಿದೆ, ಇನ್ನೂ ಹತ್ತು ಮಾಡಿಸಿ" ಎನ್ನುವ ಮಾತಿಗೆ ಕಿವಿ ಕೊಡಬೇಡಿ. ಸ್ವಲ್ಪ ಇಳಿದಿದ್ದರೆ ಹತ್ತೋ ಹನ್ನೆರಡೋ ಪೂರ್ತಿ ಮಾಡಿ, ಆಮೇಲೆ ಒಂದು ತಿಂಗಳು ಏನೂ ಮಾಡಿಸದೆ ಬರೆಯುತ್ತಾ ಹೋಗಿ. ಗುಣ ಉಳಿದುಕೊಂಡರೆ ಮತ್ತೆ ಹೋಗುವ ಅಗತ್ಯವೇ ಇಲ್ಲ. ನಿಧಾನಕ್ಕೆ ನೋವು ವಾಪಸ್ ಬಂದರೆ ತಿಂಗಳಿಗೊಂದು ಸಿಟ್ಟಿಂಗ್ ಇಟ್ಟುಕೊಳ್ಳುವವರಿದ್ದಾರೆ. ಅದು ನಿಮ್ಮ ಜೇಬು, ನಿಮ್ಮ ಊರಿನಿಂದ ಅಲ್ಲಿಗಿರುವ ದೂರ ನೋಡಿ ಮಾಡುವ ತೀರ್ಮಾನ. ಸಿಟ್ಟಿಂಗ್‌ಗೆ ಹೋಗಿಬರಲು ಎರಡು ಗಂಟೆ ಬಸ್ಸಿನಲ್ಲಿ ಕುಲುಕಾಡಿ ಸೊಂಟ ಮತ್ತೆ ಹಿಡಿದುಕೊಳ್ಳುವುದಾದರೆ, ಆ ಎರಡು ಗಂಟೆಯನ್ನೂ ದುಡ್ಡನ್ನೂ ಮನೆ ಹತ್ತಿರದ ಫಿಸಿಯೋಗೆ ಕೊಡುವುದೇ ಲೇಸು.